ನಮ್ಮ ತೆರಿಗೆ ಯಾರ ಹಕ್ಕು? ಗ್ಯಾರಂಟಿ, ಭದ್ರಾ ಮೇಲ್ದಂಡೆ, ಜಿಎಸ್‌ಟಿ ಕುರಿತು ದಾವಣಗೆರೆ–ಚಿತ್ರದುರ್ಗದವರ ಅಭಿಪ್ರಾಯ ಬೇಕು

ವಿದ್ಯಾನಗರದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ರಾಜ್ಯದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿಟ್ಟದ್ದು 51,034 ಕೋಟಿ, ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲು. ನಮ್ಮ ಎರಡೂ ಜಿಲ್ಲೆಗಳ ಜನ ವರ್ಷಗಳಿಂದ ಕಾಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಯ ಪರಿಷ್ಕೃತ ಅಂದಾಜು ವೆಚ್ಚ 21,473 ಕೋಟಿ. ಐದು ತಿಂಗಳ ಗ್ಯಾರಂಟಿ ಹಣವನ್ನು ಅದಕ್ಕೆ ಕೊಟ್ಟಿದ್ದರೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಒಣಭೂಮಿಗೆ ನೀರು ಸಿಗುತ್ತಿತ್ತು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗಕ್ಕೆ 2011-12ರಲ್ಲೇ ಮಂಜೂರಾತಿ ದೊರೆತಿದೆ. ನಾವು ಇನ್ನೂ ಬೀರೂರು, ಅರಸೀಕೆರೆ ಸುತ್ತಿಕೊಂಡು ಬೆಂಗಳೂರು ಸೇರುತ್ತಿದ್ದೇವೆ.

ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಡುವ ನಮ್ಮಂಥವರಿಗೆ ಕಾಲುವೆಯೂ ಇಲ್ಲ, ರೈಲೂ ಇಲ್ಲ, ಗ್ಯಾರಂಟಿಯೂ ಇಲ್ಲ. ಕಟ್ಟುವವರು ಕೆಲವರು, ತಿನ್ನುವವರು ಹಲವರು ಎಂಬ ಈ ವ್ಯವಸ್ಥೆಯನ್ನು ನ್ಯಾಯವೆಂದು ಹೇಗೆ ಕರೆಯುವುದು? ಪಕ್ಷಗಳ ಜಗಳ ಬೇಡ, ಲೆಕ್ಕ ಇಟ್ಟು ಮಾತನಾಡುವವರು ಬರೆಯಿರಿ.

ಕೋಟೆನಾಡು

ಮೇಷ್ಟ್ರೇ, ಲೆಕ್ಕವನ್ನೇ ಇಡುತ್ತೇನೆ. 2023ರ ಫೆಬ್ರವರಿ 1ರಂದು ಕೇಂದ್ರದ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅವರು ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಅದೇ ವರ್ಷ ಮೇ 10ರಂದು ವಿಧಾನಸಭೆಗೆ ಮತದಾನ ನಡೆಯಿತು. ಹಣಕ್ಕಾಗಿ ರಾಜ್ಯ ಸರ್ಕಾರ ಇಂದಿಗೂ ಪತ್ರ ಬರೆಯುತ್ತಲೇ ಇದೆ. ಗ್ಯಾರಂಟಿಗಳು ಜಾರಿಗೆ ಬಂದದ್ದು ಆ ಘೋಷಣೆಯ ನಂತರ. ಆದ್ದರಿಂದ ಕಾಲುವೆ ನಿಂತದ್ದಕ್ಕೆ ಗೃಹಲಕ್ಷ್ಮಿಯೇ ಕಾರಣ ಎನ್ನುವುದು ಸರಿಹೊಂದುವುದಿಲ್ಲ. ಅಬ್ಬಿನಹೊಳಲು ಬಳಿ ಭೂಸ್ವಾಧೀನದ ತಕರಾರಿನಿಂದ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಕಾಲುವೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿ ಕೊರತೆಯಾಗಿದ್ದು ಹಣವೊಂದೇ ಅಲ್ಲ.

ಭರಮಸಾಗರದವಳು

"ತಿನ್ನುವವರು ಹಲವರು" ಎಂಬ ಮಾತಿಗೆ ನನ್ನ ಆಕ್ಷೇಪಣೆಯಿದೆ. ನಾನು ಸ್ವಸಹಾಯ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಸಂಘದ ಯಾವ ಸದಸ್ಯೆಯೂ ಆದಾಯ ತೆರಿಗೆ ಕಟ್ಟುವುದಿಲ್ಲ ಎಂಬುದು ನಿಜ. ಆದರೆ ಅವರ ಮನೆಗಳಿಂದ ಸರ್ಕಾರಕ್ಕೆ ಏನು ಹೋಗುತ್ತಿದೆ ಎಂಬುದನ್ನೂ ನೋಡಬೇಕಲ್ಲವೇ? 2025-26ರ ಸಾಲಿನಲ್ಲಿ ಅಬಕಾರಿಯಿಂದ ರಾಜ್ಯ ನಿರೀಕ್ಷಿಸಿದ್ದ ವರಮಾನ 40,000 ಕೋಟಿ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಎಲ್ಲ 18 ಘೋಷಿತ ಬೆಲೆ ಹಂತಗಳ ಮೇಲೂ ಹೆಚ್ಚುವರಿ ಸುಂಕವನ್ನು ಶೇ 20ರಷ್ಟು ಏರಿಸಿದರು. ಇಟ್ಟಿಗೆ ಹೊರುವವನೂ ಲಾರಿ ಓಡಿಸುವವನೂ ಸಂಜೆ ಅಂಗಡಿಯಲ್ಲಿ ಕಟ್ಟುವ ಆ ಹಣ ತೆರಿಗೆಯಲ್ಲವೇ? ಅದರ ಒಂದಿಷ್ಟು ಭಾಗ ಅವನ ಹೆಂಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರವಾಗಿ, ಅದೂ ಕಂತುಗಳು ತಿಂಗಳುಗಟ್ಟಲೆ ತಡವಾಗಿ, ವಾಪಸು ಬಂದರೆ ಅದನ್ನು ಧರ್ಮಛತ್ರದ ಊಟದಂತೆ ನೋಡುತ್ತೀರಿ.

ಬಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗುವ ಮುನ್ನ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಚಿತ್ರದುರ್ಗಕ್ಕೋ ದಾವಣಗೆರೆಗೋ ದಿನಗೂಲಿಗೆ ಹೋಗಿಬರುವುದು ಗಿಟ್ಟುತ್ತಲೇ ಇರಲಿಲ್ಲ, ಕೂಲಿಯ ದೊಡ್ಡ ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. ಇದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುವವರು, ಆ ಹೆಂಗಸರು ದುಡಿದು ತಂದು ಪೇಟೆಯಲ್ಲಿ ಖರ್ಚು ಮಾಡುವ ಹಣವನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ.

ಕಾಯಿಪೇಟೆ ವರ್ತಕ

ಅಕ್ಕನವರ ಮಾತು ನೂರಕ್ಕೆ ನೂರು ಸರಿ. ತೆರಿಗೆ ಎಂದರೆ ಸಂಬಳದಾರರ ಕೈಗೆ ಬರುವ ಫಾರಂ 16 ಎಂದು ತಿಳಿದವರಿಗೆ ಮಾತ್ರ ಬಡವರು ತೆರಿಗೆ ಕಟ್ಟುವುದು ಕಾಣುವುದಿಲ್ಲ.

ವಿದ್ಯಾನಗರದ ಮೇಷ್ಟ್ರು

ಪರೋಕ್ಷ ತೆರಿಗೆಯನ್ನು ನಾನೂ ಕಟ್ಟುತ್ತೇನೆ, ವರ್ತಕರೇ. ಸೋಪಿಗೂ ಕಟ್ಟುತ್ತೇನೆ, ಪೆಟ್ರೋಲಿಗೂ ಕಟ್ಟುತ್ತೇನೆ, ಅದರ ಮೇಲೆ ಆದಾಯ ತೆರಿಗೆಯನ್ನೂ ಕಟ್ಟುತ್ತೇನೆ. ಎರಡು ಕಡೆ ಕಟ್ಟುವವನ ಪ್ರಶ್ನೆಗೆ ಒಂದು ಕಡೆ ಕಟ್ಟುವವರನ್ನು ತೋರಿಸಿದರೆ ಉತ್ತರವಾಗುವುದಿಲ್ಲ. ಶಕ್ತಿ ಯೋಜನೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ 2025-26ಕ್ಕೆ 19,262 ಕೋಟಿ ರಾಜಸ್ವ ಕೊರತೆಯ ಬಜೆಟ್ ಮಂಡಿಸಿ, ಆ ವರ್ಷ 1.16 ಲಕ್ಷ ಕೋಟಿ ಸಾಲ ಎತ್ತಲು ಹೊರಟ ರಾಜ್ಯ ತಿಂಗಳ ಖರ್ಚಿಗೆ ಸಾಲ ಮಾಡುತ್ತಿದೆಯೆಂದರೆ ಆ ಸಾಲ ತೀರಿಸುವವರು ನಮ್ಮ ಮಕ್ಕಳು. ಕಾಲುವೆಗಾಗಿ ಮಾಡಿದ ಸಾಲಕ್ಕೆ ಮುಂದೆ ಬೆಳೆಯಾದರೂ ಬರುತ್ತದೆ.

ದೋಸೆ ಒಲೆ

ಮೇಷ್ಟ್ರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಚಿಕ್ಕ ಬೆಣ್ಣೆದೋಸೆ ಹೋಟೆಲ್ ನಡೆಸುತ್ತೇನೆ. ಸಂಬಳದಾರರೇ ಹೆಚ್ಚು ಹೊರೆ ಹೊತ್ತಿದ್ದಾರೆ ಎಂಬ ಮಾತಿಗೆ ನನ್ನ ಲೆಕ್ಕವನ್ನು ಮುಂದಿಡುತ್ತೇನೆ, ಆಮೇಲೆ ನೀವೇ ಹೇಳಿ.

ಹೋಟೆಲಿನವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಕೇಳಲು ದೊಡ್ಡ ಮೊತ್ತ, ಆದರೆ ದಿನಕ್ಕೆ ಭಾಗಿಸಿದರೆ ಐದೂವರೆ ಸಾವಿರ ಮಾತ್ರ. ಬೆಳಿಗ್ಗೆ ಒಂದು ಹೊತ್ತು ಒಲೆ ಹೊತ್ತಿಸಿದರೂ ದಾಟುವ ಮಿತಿ ಅದು. ನಮ್ಮಂಥವರು ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಗೆ ಸೇರಿಕೊಂಡರೆ ಒಟ್ಟು ವಹಿವಾಟಿನ ಮೇಲೆ ಶೇ 5 ಕಟ್ಟಬೇಕು. ಅದನ್ನು ಬಿಲ್ಲಿನಲ್ಲಿ ತೋರಿಸಿ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಬೆಣ್ಣೆಗೂ ವಾಣಿಜ್ಯ ಸಿಲಿಂಡರಿಗೂ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ. ವರ್ಷಕ್ಕೆ 25 ಲಕ್ಷ ವಹಿವಾಟು ಮಾಡುವವನು 1,25,000 ರೂಪಾಯಿ ಕಟ್ಟಬೇಕು. ಬಾಡಿಗೆ, ಕೂಲಿ, ಬೆಣ್ಣೆ, ಅಕ್ಕಿ, ಗ್ಯಾಸ್ ಎಲ್ಲ ಕಳೆದು ಅವನ ಕೈಯಲ್ಲಿ ಮೂರೂವರೆ ನಾಲ್ಕು ಲಕ್ಷ ಉಳಿದರೆ ಅವನು ಅದೃಷ್ಟವಂತ. ಅಂದರೆ ಉಳಿಕೆಯ ಮೂರನೇ ಒಂದು ಭಾಗದಷ್ಟು ತೆರಿಗೆ. ಸಂಬಳದಾರರಿಗೋ, 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ, ಪ್ರಮಾಣಿತ ಕಡಿತ ಸೇರಿದರೆ 12.75 ಲಕ್ಷದವರೆಗೂ ಇಲ್ಲ.

ಇನ್ನೊಂದು ತಮಾಷೆ ಇದೆ. ಜಿಎಸ್‌ಟಿ ಕಟ್ಟುವವರ ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಇಲ್ಲ. ನಿಯತ್ತಿನಿಂದ ನೋಂದಣಿ ಮಾಡಿಸಿದವನ ಮನೆಗೆ ವರ್ಷಕ್ಕೆ 24,000 ನಷ್ಟ, ಪೆಟ್ಟಿಗೆಯಲ್ಲಿ ನಗದು ಎಣಿಸಿಕೊಂಡು ಸುಮ್ಮನಿದ್ದವನ ಮನೆಗೆ ಅಷ್ಟೇ ಲಾಭ.

ಕೋಟೆನಾಡು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸು ಕಳಿಸಿದಾಗ ಕ್ಯುಆರ್ ಫಲಕಗಳು ರಾತ್ರೋರಾತ್ರಿ ಮಾಯವಾದದ್ದು ಬರೀ ಕಳ್ಳಲೆಕ್ಕದಿಂದ ಅಲ್ಲ ಎಂದಾಯಿತು.

ಲೆಕ್ಕಪತ್ರದವರು

ಹೋಟೆಲಿನವರ ಲೆಕ್ಕಕ್ಕೆ ಎರಡು ತಿದ್ದುಪಡಿ ಬೇಕು. ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತಿಲ್ಲ ಎಂಬುದು ನಿಜವಾದರೂ ಯಾವ ಹೋಟೆಲಿನವರೂ ಆ ಶೇ 5ನ್ನು ಪೂರ್ತಿ ತಮ್ಮ ಜೇಬಿನಿಂದ ಕಟ್ಟುವುದಿಲ್ಲ, ದೋಸೆಯ ದರದಲ್ಲಿ ಅದರ ಬಹುಪಾಲು ಸೇರಿರುತ್ತದೆ. ಹಾಗಾಗಿ ಅದನ್ನು ಪೂರ್ತಿಯಾಗಿ ಮಾಲೀಕರ ಲಾಭದ ಮೇಲಿನ ತೆರಿಗೆ ಎಂದು ಎಣಿಸುವುದು ಸರಿಯಲ್ಲ, ದೋಸೆ ತಿನ್ನುವವರೂ ಅದರಲ್ಲಿ ಪಾಲುದಾರರು. ಎರಡನೆಯದಾಗಿ, 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ. ಆ ಇಳಿಕೆ ದೋಸೆಯ ದರದಲ್ಲಿ ಕಾಣಿಸಿದ್ದನ್ನು ನಾನಂತೂ ನೋಡಿಲ್ಲ.

ಆದರೆ ಮಿತಿಯ ಬಗ್ಗೆ ಅವರು ಎತ್ತಿದ ಪ್ರಶ್ನೆ ಗಟ್ಟಿಯಾದದ್ದು. ಸರಕು ಮಾತ್ರ ಮಾರುವವರಿಗೆ 40 ಲಕ್ಷ, ಹೋಟೆಲಿನಂಥ ಸೇವೆಗೆ 20 ಲಕ್ಷ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇದ್ದ ಆ 20 ಲಕ್ಷ ಇಂದಿಗೂ ಅಷ್ಟೇ ಇದೆ. ಬೆಣ್ಣೆಯ ದರ, ಬಾಡಿಗೆ, ಕೂಲಿ ಎಲ್ಲವೂ ಏರಿವೆ. ಮಿತಿಯನ್ನು ಏರಿಸದೆ ಹಾಗೇ ಬಿಡುವುದೂ ಸದ್ದಿಲ್ಲದೆ ತೆರಿಗೆ ಹೆಚ್ಚಿಸುವ ಒಂದು ದಾರಿಯೇ.

ದೋಸೆ ಒಲೆ

ಬೆಣ್ಣೆಯ ತೆರಿಗೆ ಇಳಿದ ಮಾತ್ರಕ್ಕೆ ಬೆಣ್ಣೆಯ ದರ ಇಳಿಯಬೇಕಲ್ಲವೇ ಸರ್? 2025ರ ಏಪ್ರಿಲ್ 1ರಂದು ಹಾಲಿಗೆ ನಾಲ್ಕು ರೂಪಾಯಿ ಏರಿಸಿದ್ದನ್ನು ಯಾರೂ ಇಳಿಸಿಲ್ಲ.

ಮಂಡಕ್ಕಿ ಭಟ್ಟಿ

ದೋಸೆಗೆ ಇಷ್ಟು ದೊಡ್ಡ ಚರ್ಚೆ ನಡೆಯುತ್ತಿರುವಾಗ ಮಂಡಕ್ಕಿಯ ಸುದ್ದಿಯನ್ನು ಯಾರೂ ಎತ್ತದಿರುವುದು ದಾವಣಗೆರೆಗೆ ಅವಮಾನ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಮಂಡಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅಕ್ಕಿ, ಗೋಧಿ ಹಿಟ್ಟು, ಮೊಸರು ಎಲ್ಲವೂ ಅಂದು ಅದೇ ಸಾಲಿಗೆ ಸೇರಿದವು. ಚೀಲದಿಂದ ಸೇರಿನಲ್ಲಿ ಅಳೆದು ಕೊಟ್ಟರೆ ತೆರಿಗೆಯಿಲ್ಲ, ಶುಚಿಯಾಗಿ ಪೊಟ್ಟಣ ಮಾಡಿ ಹೆಸರು ಅಚ್ಚು ಹಾಕಿಸಿದರೆ ತೆರಿಗೆ. ಸಣ್ಣ ಭಟ್ಟಿಯವರು ಒಂದು ಹೆಸರು ಮಾಡಿಕೊಂಡು ಹೊರಜಿಲ್ಲೆಗಳಿಗೆ ಮಾಲು ಕಳಿಸೋಣವೆಂದರೆ ಮೊದಲು ಎದುರಾಗುವುದು ಇದೇ. ತೆರಿಗೆಯ ಮೊತ್ತಕ್ಕಿಂತ ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ತಲೆನೋವಿಗೇ ಎಷ್ಟೋ ಜನ ಹಿಂದೆ ಸರಿದಿದ್ದಾರೆ.

ಹೊಂಡದ ಸರ್ಕಲ್

ಮಂಡಕ್ಕಿಗೆ ತೆರಿಗೆ ಸರಿ, ಜೊತೆಗೆ ಕೊಡುವ ಮೆಣಸಿನಕಾಯಿ ಬಜ್ಜಿಗೆ ಎಷ್ಟು ಎಂಬುದನ್ನೂ ಲೆಕ್ಕಪತ್ರದವರು ತಿಳಿಸಬೇಕಾಗಿ ವಿನಂತಿ.

ನಿರ್ವಾಹಕರು

ಬಜ್ಜಿಯ ಚರ್ಚೆಗೆ ಬೇರೆ ವಿಭಾಗವಿದೆ. ಮೇಷ್ಟ್ರು ಕೇಳಿದ್ದು ಆದ್ಯತೆ ಮತ್ತು ನ್ಯಾಯದ ಬಗ್ಗೆ. ದಯವಿಟ್ಟು ಅಲ್ಲಿಗೆ ಬನ್ನಿ.

ಮೊಳಕಾಲ್ಮೂರು ಮಗ್ಗ

ನಾನು ಎರಡು ದಿನಗಳಿಂದ ಓದುತ್ತಿದ್ದೇನೆ. ಎಲ್ಲರೂ ತಾವು ಎಷ್ಟು ಕಟ್ಟುತ್ತೇವೆ ಎಂದು ಬರೆಯುತ್ತಿದ್ದೀರಿ. "ಕಟ್ಟಿದವರಿಗೇ ಮೊದಲ ಹಕ್ಕು" ಎಂಬ ತತ್ವವನ್ನು ಒಪ್ಪಿಕೊಂಡರೆ ನಮ್ಮ ಜಿಲ್ಲೆಗಳ ಗತಿ ಏನಾಗುತ್ತದೆ ಎಂಬುದನ್ನು ಯಾರೂ ಬರೆದಿಲ್ಲ.

2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲ ದೆಹಲಿಯ ಜಂತರ್ ಮಂತರ್‌ನಲ್ಲಿ "ನನ್ನ ತೆರಿಗೆ ನನ್ನ ಹಕ್ಕು" ಎಂದು ಧರಣಿ ಕುಳಿತದ್ದು ನಿಮಗೆಲ್ಲ ನೆನಪಿರಬಹುದು. ಅವರ ದೂರಿನಲ್ಲಿ ಹುರುಳಿತ್ತು. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಕಾರಣ, ಆ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ ಸಿಕ್ಕಿತು. ಯಾವ ರಾಜ್ಯದ ತಲಾ ಆದಾಯ ಹೆಚ್ಚೋ ಅದಕ್ಕೆ ಪಾಲು ಕಡಿಮೆ. ತಾನೇ ಶ್ರಮವಹಿಸಿ ತೆರಿಗೆ ಸಂಗ್ರಹಿಸಿದ್ದಕ್ಕೆ ಸಿಕ್ಕ ತೂಕ ಶೇ 2.5 ಮಾತ್ರ.

ಈಗ ನಮ್ಮ ಊರಿಗೆ ಬನ್ನಿ. ಕರ್ನಾಟಕದ ತಲಾ ಆದಾಯವನ್ನು ಅಷ್ಟು ಎತ್ತರಕ್ಕೆ ಏರಿಸಿರುವುದು ಬೆಂಗಳೂರು, ಮೊಳಕಾಲ್ಮೂರು ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳವನ್ನೂ ನಮ್ಮ ಮಗ್ಗದ ಕೂಲಿಯನ್ನೂ ಕೂಡಿಸಿ ಸರಾಸರಿ ತೆಗೆದು, ನೀವು ಶ್ರೀಮಂತರು ಎಂದು ದೆಹಲಿ ತೀರ್ಮಾನಿಸುತ್ತದೆ. ಆ ತೀರ್ಮಾನದಿಂದ ಖೋತಾ ಆದ ಹಣದ ಪೆಟ್ಟು ಬೀಳುವುದು ಯಾರ ಮೇಲೆ? ಕಾಲುವೆಗೆ, ಶಾಲೆಗೆ, ಆಸ್ಪತ್ರೆಗೆ ಸರ್ಕಾರದ ಹಣವನ್ನೇ ನಂಬಿಕೊಂಡ ನಮ್ಮಂಥ ತಾಲ್ಲೂಕುಗಳ ಮೇಲೆ. ಹೆಸರಿಗೆ ಶ್ರೀಮಂತ ರಾಜ್ಯದವರು, ಬದುಕಿಗೆ ಬರಪೀಡಿತರು.

ಹಾಗೆಂದು "ನನ್ನ ತೆರಿಗೆ ನನ್ನ ಹಕ್ಕು" ಎಂಬ ಘೋಷಣೆಯನ್ನು ನಾನು ಕೂಗಲಾರೆ. ನಾಳೆ ಬೆಂಗಳೂರಿನವರು ಅದೇ ಘೋಷಣೆಯನ್ನು ವಿಧಾನಸೌಧದ ಮುಂದೆ ಕೂಗಿದರೆ, ನಮ್ಮ ಜಿಎಸ್‌ಟಿ, ನಮ್ಮ ಮುದ್ರಾಂಕ ಶುಲ್ಕ ನಮಗೇ ಬೇಕು, ಭದ್ರಾ ಮೇಲ್ದಂಡೆಯನ್ನು ಚಿತ್ರದುರ್ಗದವರೇ ಕಟ್ಟಿಕೊಳ್ಳಲಿ ಎಂದರೆ ನಾವು ಏನು ಉತ್ತರ ಕೊಡುತ್ತೇವೆ? ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಹೊಸದುರ್ಗ, ಚನ್ನಗಿರಿ ಆ ಪಟ್ಟಿಯಲ್ಲಿದ್ದವು. ಆ ವರದಿಯ ಆಧಾರವೇ ಒಂದು ಕಡೆ ಹುಟ್ಟಿದ ಹಣ ಇನ್ನೊಂದು ಕಡೆಗೆ ಹರಿಯಬೇಕು ಎಂಬುದು. ಮೇಷ್ಟ್ರು ಕಾಲುವೆಯನ್ನು ಹಕ್ಕು ಎನ್ನುತ್ತಾರೆ, ಗೃಹಲಕ್ಷ್ಮಿಯನ್ನು ಪುಕ್ಕಟೆ ಎನ್ನುತ್ತಾರೆ. ಬೆಂಗಳೂರಿನ ಕಣ್ಣಿಗೆ ಎರಡೂ ಪುಕ್ಕಟೆಯೇ.

ಇನ್ನು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ವಿಷಯ. ಹರಪನಹಳ್ಳಿ ದಾವಣಗೆರೆ ಜಿಲ್ಲೆಯಿಂದ ಹೊರಬಂದು ಆ ಸೌಲಭ್ಯ ಪಡೆಯಿತು. ಬಳ್ಳಾರಿಗೆ ಅಂಟಿಕೊಂಡಂತಿರುವ ನಮ್ಮ ತಾಲ್ಲೂಕಿಗೆ ಬೇಡಿಕೆಯೊಂದೇ ಉಳಿದಿದೆ.

ವಿದ್ಯಾನಗರದ ಮೇಷ್ಟ್ರು

ಮಗ್ಗದವರ ಬರಹವನ್ನು ಎರಡು ಬಾರಿ ಓದಿದೆ. ಚೆನ್ನಾಗಿದೆ, ಆದರೆ ಒಪ್ಪಲಾರೆ. ಶ್ರೀಮಂತರಿಂದ ಬಡವರಿಗೆ ಹಣ ಹರಿಯಬಾರದು ಎಂದು ನಾನು ಎಲ್ಲಿಯೂ ಬರೆದಿಲ್ಲ. ಹರಿಯುವ ಹಣದಿಂದ ಆಸ್ತಿ ಸೃಷ್ಟಿಯಾಗಬೇಕೋ ಆ ತಿಂಗಳಿಗೇ ಕರಗಿಹೋಗಬೇಕೋ ಎಂಬುದು ನನ್ನ ಪ್ರಶ್ನೆ. ಮೈಸೂರು ಅರಸರ ಕಾಲದಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಇವತ್ತಿಗೂ ಹಿರಿಯೂರಿಗೆ ಅನ್ನ ಹಾಕುತ್ತಿದೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ, ಮಳೆಯ ಜೊತೆಗೆ ಭದ್ರೆಯ ನೀರೂ ಬಂದು ಸೇರಿದ್ದರಿಂದ. ಅರ್ಧ ಮುಗಿದ ಯೋಜನೆಯೇ ಇಷ್ಟು ಮಾಡಿದರೆ ಪೂರ್ತಿ ಮುಗಿದಾಗ ಏನಾಗಬಹುದು?

ಭರಮಸಾಗರದವಳು

ಆ ತಿಂಗಳಿಗೇ ಕರಗುತ್ತದೆ ಎಂದು ನಿಮಗೆ ಯಾರು ಹೇಳಿದರು ಸರ್? ಮಗಳ ಕಾಲೇಜು ಶುಲ್ಕ, ಹೊಲಿಗೆ ಯಂತ್ರ, ಎರಡು ಕುರಿ, ಇವೆಲ್ಲ ಬಜೆಟ್ ಪುಸ್ತಕದಲ್ಲಿ ಆಸ್ತಿ ಎಂದು ಎಣಿಕೆಯಾಗುವುದಿಲ್ಲ, ಅಷ್ಟೇ.

ಕಾಯಿಪೇಟೆ ವರ್ತಕ

ಆಸ್ತಿ ಸೃಷ್ಟಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಕೇಂದ್ರ ಐನೂರು ಕೋಟಿ, ರಾಜ್ಯ ಐನೂರು ಕೋಟಿ ಎಂಬ ಲೆಕ್ಕದ ಯೋಜನೆ ಅದು. 2025ರ ಮಾರ್ಚ್ 31ಕ್ಕೆ ಅಭಿಯಾನವೇ ಮುಗಿಯಿತು. ಕೆಲವು ರಸ್ತೆಗಳು ಚೆನ್ನಾಗಿವೆ, ಇಲ್ಲವೆನ್ನುವುದಿಲ್ಲ. ಆದರೆ ಆದ್ಯತೆಯ ಪಟ್ಟಿ ಮಾಡುವಾಗ ನಮ್ಮ ಬೀದಿಯ ಚರಂಡಿ ಎಷ್ಟನೆಯ ಸಾಲಿನಲ್ಲಿತ್ತು ಎಂದು ಯಾರಾದರೂ ನಮ್ಮನ್ನು ಕೇಳಿದ್ದರೇ? ಅದೇ ಹೊತ್ತಿಗೆ, 2021ರ ತಿದ್ದುಪಡಿಯ ನಂತರ ಆಸ್ತಿ ತೆರಿಗೆಯನ್ನು ಸರ್ಕಾರ ಗೊತ್ತುಪಡಿಸುವ ಮಾರ್ಗಸೂಚಿ ದರಕ್ಕೆ ಕಟ್ಟಿಹಾಕಿ ಪ್ರತಿವರ್ಷ ಏರುವಂತೆ ಮಾಡಿದರು. ಕಾಲುವೆ ಎಂದಾಕ್ಷಣ ಪವಿತ್ರ, ಎರಡು ಸಾವಿರ ಎಂದಾಕ್ಷಣ ಪೋಲು ಎನ್ನಲು ನನಗೆ ಧೈರ್ಯ ಸಾಲದು. ಗುತ್ತಿಗೆಯ ಹಣ ಹಾದುಹೋಗುವ ಕೈಗಳು ಹೆಚ್ಚು, ಖಾತೆಗೆ ನೇರವಾಗಿ ಬೀಳುವ ಹಣಕ್ಕೆ ಆ ಕಾಟ ಕಡಿಮೆ.

ಲೆಕ್ಕಪತ್ರದವರು

ಕೇಂದ್ರ–ರಾಜ್ಯದ ಪಾಲಿನ ಬಗ್ಗೆ ಮಗ್ಗದವರು ಬರೆದಿದ್ದಕ್ಕೆ ಒಂದು ಸೇರ್ಪಡೆ. ರಾಜ್ಯಗಳಿಗೆ ಸಲ್ಲುವ ಶೇ 41ರ ಹಂಚಿಕೆಗೆ ಒಳಪಡುವುದು ಕೇಂದ್ರದ ಎಲ್ಲ ತೆರಿಗೆಯೂ ಅಲ್ಲ. ಸೆಸ್ ಮತ್ತು ಸರ್‌ಚಾರ್ಜುಗಳು ಅದರಿಂದ ಹೊರಗೆ. 2025ರ ಏಪ್ರಿಲ್ 8ರ ಏರಿಕೆಯ ನಂತರ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 21.90 ರೂಪಾಯಿ ಆಗಿತ್ತು. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1.40 ರೂಪಾಯಿ ಮಾತ್ರ ಇತ್ತು. ರಾಜ್ಯವೂ ಸಾಧುವೇನಲ್ಲ. 2024ರ ಜೂನ್ 15ರಂದು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಒಯ್ದಿತು. ಇಬ್ಬರೂ ಕೈ ಹಾಕುವುದು ಸುಲಭವಾಗಿ ಎಟುಕುವ ಜೇಬಿಗೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೂಲ ತೆರಿಗೆ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಇಷ್ಟು ಹೇಳಿದ ಮೇಲೆ ಯಾರೂ ಎತ್ತದ ಒಂದು ಮಾತನ್ನು ಎತ್ತಲೇಬೇಕು. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ದೊಡ್ಡ ಅಡಿಕೆ ತೋಟದಿಂದ ವರ್ಷಕ್ಕೆ ಐವತ್ತು ಲಕ್ಷ ಬಂದರೂ ಇಲ್ಲ. ಬೇರೆ ಆದಾಯವೂ ಇದ್ದರೆ ದರದ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸುತ್ತಾರೆ. ದೋಸೆ ಮಾಡುವವರು ಕಟ್ಟಬೇಕು, ಮಂಡಕ್ಕಿ ಹುರಿಯುವವರು ಕಟ್ಟಬೇಕು, ಐವತ್ತು ಲಕ್ಷದ ತೋಟದವರು ಕಟ್ಟಬೇಕಿಲ್ಲ. ಇದು ಯಾವ ನ್ಯಾಯ?

ಚನ್ನಗಿರಿ ತೋಟ

ಬಂತು ನೋಡಿ. ಅಡಿಕೆಯ ಧಾರಣೆ ಏರಿದ ವರ್ಷದ ಲೆಕ್ಕವನ್ನು ಎಲ್ಲರೂ ನೋಡುತ್ತಾರೆ, ಕೊಳೆರೋಗ ಬಂದ ವರ್ಷದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕೊಳವೆಬಾವಿ ಕೊರೆಸಿದ ಸಾಲ, ಟ್ಯಾಂಕರಿನಲ್ಲಿ ನೀರು ಹೊತ್ತು ಮರ ಉಳಿಸಿಕೊಂಡ ಖರ್ಚು, ಗೊಬ್ಬರ, ಔಷಧ, ಕೊನೆಗಾರರ ಕೂಲಿ, ಇವನ್ನೆಲ್ಲ ಯಾವ ಅಧಿಕಾರಿ ಕುಳಿತು ಎಣಿಸುತ್ತಾನೆ? ಅಡಿಕೆ ಮಾರುಕಟ್ಟೆಗೆ ಬಂದಾಗ ಶೇ 5 ಜಿಎಸ್‌ಟಿ ಇದ್ದೇ ಇದೆ. ವ್ಯಾಪಾರಿ ಅದನ್ನು ನಮ್ಮ ಧಾರಣೆಯಲ್ಲೇ ಮುರಿದುಕೊಳ್ಳುತ್ತಾನೆ.

ಲೆಕ್ಕಪತ್ರದವರು

ಖರ್ಚನ್ನು ಕಳೆದ ಮೇಲೆ ಉಳಿದದ್ದಕ್ಕೆ ತೆರಿಗೆ ಎಂದರೆ ನಷ್ಟದ ವರ್ಷ ತೆರಿಗೆಯೇ ಬರುವುದಿಲ್ಲ. ಸಂಬಳದಾರರಿಗೆ ಇರುವ 12 ಲಕ್ಷದ ವಿನಾಯಿತಿಯನ್ನೇ ಕೃಷಿಕರಿಗೂ ಕೊಟ್ಟು, ಅದಕ್ಕೂ ಮೇಲಿನದಕ್ಕೆ ಮಾತ್ರ ತೆರಿಗೆ ಹಾಕಿದರೆ ಜಗಳೂರಿನ ಯಾವ ಮೆಕ್ಕೆಜೋಳದ ರೈತನೂ ಅದರ ಹತ್ತಿರ ಸುಳಿಯುವುದಿಲ್ಲ.

ಜಗಳೂರು ಸೀಮೆ

ನಮ್ಮ ಹೆಸರು ಬಂದಿದ್ದರಿಂದ ಬರೆಯುತ್ತಿದ್ದೇನೆ. ಮೆಕ್ಕೆಜೋಳದವನು ಸುಳಿಯುವುದಿಲ್ಲ ಎಂಬುದು ನಿಜ. ಆದರೆ ಸರ್ಕಾರ ಒಮ್ಮೆ ಬಾಗಿಲು ತೆರೆದರೆ ಮಿತಿ ಅಲ್ಲೇ ನಿಲ್ಲುತ್ತದೆಯೇ? ಹೋಟೆಲಿನ 20 ಲಕ್ಷದ ಮಿತಿ 2017ರಿಂದ ಅಲುಗಾಡಿಲ್ಲ ಎಂದು ಮೇಲೆ ಬರೆದವರು ನೀವೇ. ತುಂಗಭದ್ರೆಯಿಂದ ನೀರೆತ್ತಿ ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ನಾವು ಎಷ್ಟು ವರ್ಷ ಕಾದೆವು ಎಂಬುದು ಈ ಭಾಗದವರಿಗೆಲ್ಲ ಗೊತ್ತು. ಕೊಡುವುದನ್ನು ಅಷ್ಟು ನಿಧಾನವಾಗಿ ಕೊಡುವ ಸರ್ಕಾರ ಕೇಳುವುದನ್ನು ಮಾತ್ರ ಬೇಗ ಕೇಳುತ್ತದೆ ಎಂಬ ಹೆದರಿಕೆ ನಮಗಿದೆ.

ಮೊಳಕಾಲ್ಮೂರು ಮಗ್ಗ

ಹೆದರಿಕೆ ಸರಿಯೇ ಅಣ್ಣಾ. ಆದರೆ ಚನ್ನಗಿರಿಯ ಐವತ್ತು ಲಕ್ಷದವರಿಗೆ ನಿಮ್ಮ ಎರಡು ಎಕರೆ ಮೆಕ್ಕೆಜೋಳ ಎಷ್ಟು ದಿನ ಕೊಡೆ ಹಿಡಿಯಬೇಕು? ರೇಷ್ಮೆ ಸೀರೆ ನೇಯುವ ನಾನು ನೂಲು ಕೊಳ್ಳುವಾಗಲೇ ತೆರಿಗೆ ಕೊಟ್ಟು ಬಂದಿರುತ್ತೇನೆ, ಸೀರೆಗೂ ಶೇ 5 ಇದೆ. ನನಗೆ ಅಂಥ ಕೊಡೆ ಹಿಡಿಯುವವರು ಯಾರೂ ಇಲ್ಲ.

ಚನ್ನಗಿರಿ ತೋಟ

ಐವತ್ತು ಲಕ್ಷ, ಐವತ್ತು ಲಕ್ಷ ಎನ್ನುವವರು ನಮ್ಮ ತಾಲ್ಲೂಕಿನಲ್ಲಿ ಅಂಥ ತೋಟದವರು ಎಷ್ಟು ಮಂದಿ ಇದ್ದಾರೆ ಎಂದು ಮೊದಲು ಎಣಿಸಿ ಬನ್ನಿ. ಆಮೇಲೆ ಬರೆಯುತ್ತೇನೆ.

ಲೆಕ್ಕಪತ್ರದವರು

ತೆರಿಗೆಯೇ ಇಲ್ಲದವರು ರಿಟರ್ನ್ ಸಲ್ಲಿಸುವುದಿಲ್ಲ, ರಿಟರ್ನ್ ಇಲ್ಲದೆ ಎಣಿಕೆ ಸಿಗುವುದಿಲ್ಲ. ಬೇಕಾದರೆ ಮೊದಲ ಐದು ವರ್ಷ ತೆರಿಗೆ ಬೇಡ, 12 ಲಕ್ಷ ದಾಟಿದ ತೋಟದವರು ಆದಾಯವನ್ನು ಘೋಷಿಸಿದರೆ ಸಾಕು. ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?